ಬೆಳಗಿನ ಮೂರು ಸೆಕೆಂಡಿನ ಸದ್ದು

ತಗಡಿನ ಡಬ್ಬಿಗೆ ಒಂದು ಹಿಡಿ ಹುಣಸೆಬೀಜ ಹಾಕಿ ಜೋರಾಗಿ ಅಲ್ಲಾಡಿಸಿದರೆ ಹೇಗೆ ಸದ್ದು ಬರುತ್ತೆ, ಹಾಗಿತ್ತು. ಡಿಸೆಂಬರ್ 3ರ ಬೆಳಗ್ಗೆ ಆರೂಕಾಲಿಗೆ ಕೀ ತಿರುಗಿಸಿದಾಗ ನನ್ನ ಕಾರಿನ ಬಾನೆಟ್ ಒಳಗಿಂದ ಬಂತು. ಮೂರು ಸೆಕೆಂಡ್ ಇರಬಹುದು. ಆಮೇಲೆ ತಾನಾಗಿಯೇ ನಿಂತು, ಎಂಜಿನ್ ಎಂದಿನ ಹಾಗೆ ಮೆತ್ತಗೆ ಓಡತೊಡಗಿತು. ನಾನು ಮಾತ್ರ ಸ್ಟೀರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದೆ. ಕಾರು ಸರಿಯಾಗಿ ಮನೆಗೆ ಬರೋದಕ್ಕೆ ಅವತ್ತಿಂದ 57 ದಿನ ಬೇಕಾಯಿತು.

ನಮ್ಮದು ತುಮಕೂರು. ಬಟವಾಡಿ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಾರು 2011ರ ಮಾಡೆಲ್, ಎರಡೇ ಸೀಟು, ಛಾವಣಿ ಮಡಚಿಕೊಂಡು ಡಿಕ್ಕಿಗೆ ಹೋಗುತ್ತೆ. 1.8 ಲೀಟರ್ ಪೆಟ್ರೋಲ್ ಎಂಜಿನ್. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆರ್‌ಸಿ ಪ್ರಕಾರ ನಾನು ಮೂರನೇ ಓನರ್. ಹೈಸ್ಕೂಲಿನಲ್ಲಿದ್ದಾಗ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಇಂಥದ್ದೇ ಕಾರಿನ ಚಿತ್ರ ಬರೆಯುತ್ತಿದ್ದವನು ನಾನು. ಭಾನುವಾರ ಬೆಳಗ್ಗೆ ದೇವರಾಯನದುರ್ಗದ ತಿರುವುಗಳಲ್ಲಿ ಅದನ್ನು ಓಡಿಸೋದೇ ನನಗೆ ವಾರದ ದೊಡ್ಡ ಖುಷಿ. ಕಂಪನಿ ಹೆಸರು ಇಲ್ಲಿ ಬೇಡ. ಎಂಜಿನ್ ಒಳಗೆ ಟೈಮಿಂಗ್ ಚೈನ್ ಅನ್ನೋ ಸರಪಳಿ ಇರುವ ಬೇರೆ ಬೇರೆ ಕಾರುಗಳಲ್ಲೂ ಈ ತೊಂದರೆ ಬರುತ್ತೆ.

ಪಕ್ಕದ ಮನೆಯ ತಾತ ಹಿಂದೆ ಲಾರಿ ಎಂಜಿನ್ ಕೆಲಸ ಮಾಡುತ್ತಿದ್ದವರು. ಮಾರನೇ ಬೆಳಗ್ಗೆ ಅವರನ್ನು ಕರೆದು ಕೇಳಿಸಿದೆ. ಶಾಲು ಸರಿಮಾಡಿಕೊಂಡು ಬಾನೆಟ್ ಹತ್ತಿರ ಬಗ್ಗಿ ನಿಂತರು. ಸದ್ದು ಬಂದು ಹೋಯಿತು. "ಸ್ಟಾರ್ಟ್ ಆದ ತಕ್ಷಣ ಬಂದು ಹೋಗೋದು ಎಣ್ಣೆ ತಲುಪೋ ತನಕದ ಸದ್ದು ಕಣಪ್ಪ. ಡಿಪ್‌ಸ್ಟಿಕ್ ನೋಡಿದ್ಯಾ?" ಅಂದರು. ನಾನು ನೋಡಿರಲಿಲ್ಲ. ತೆಗೆದು ಒರೆಸಿ ನೋಡಿದರೆ ಆಯಿಲ್ ಕೆಳಗಿನ ಗೆರೆಯ ಹತ್ತಿರ ಇತ್ತು. ಇಂಥ ಸದ್ದು ಕೇಳಿಸಿದರೆ ನೀವು ಮಾಡಬೇಕಾದ ಮೊದಲ ಕೆಲಸ ಇದೇ. ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಆಫ್ ಆಗಿ ಸ್ವಲ್ಪ ಹೊತ್ತಾಗಿರಬೇಕು. ಅರ್ಧ ಲೀಟರ್ ಹಾಕಿದೆ. ಸದ್ದು ಹೋಗಲಿಲ್ಲ.

ಆ ವಾರವೇ ಬೆಂಗಳೂರಿಗೆ ತಗೊಂಡು ಹೋದೆ. ಇಂಥ ಕಾರಿನ ಕೆಲಸ ಅಂದರೆ ಬೆಂಗಳೂರೇ ಅನ್ನೋದು ನಮ್ಮ ಕಡೆ ರೂಢಿ. 70 ಕಿಲೋಮೀಟರ್, ಜೊತೆಗೆ ನೆಲಮಂಗಲದಿಂದಾಚೆಗಿನ ಟ್ರಾಫಿಕ್ಕು. ವರ್ಕ್‌ಶಾಪ್ ತಲುಪೋ ಹೊತ್ತಿಗೆ ಎಂಜಿನ್ ಚೆನ್ನಾಗಿ ಕಾದಿತ್ತು. ಅವರು ಆಫ್ ಮಾಡಿ ಆನ್ ಮಾಡಿದರು, ಸದ್ದೇ ಇಲ್ಲ. ನಾಲ್ಕು ಗಂಟೆ ಕಾದು ಮತ್ತೆ ಸ್ಟಾರ್ಟ್ ಮಾಡಿದರು, ಆಗಲೂ ಇಲ್ಲ. "ಏನೂ ಇಲ್ಲ ಸಾರ್, ಚೆನ್ನಾಗಿದೆ" ಅಂದು 2,000 ರೂಪಾಯಿ ತಪಾಸಣೆ ಚಾರ್ಜ್ ತಗೊಂಡರು. ಮಾರನೇ ಬೆಳಗ್ಗೆ ನಮ್ಮ ಮನೆ ಮುಂದೆ ಅದೇ ಹುಣಸೆಬೀಜದ ಸದ್ದು.

ಎರಡನೇ ಸಲ ಬೇರೆ ವರ್ಕ್‌ಶಾಪಿಗೆ ಹೋದೆ. ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದೆ. ಕೌಂಟರಿನಲ್ಲಿದ್ದವರು ವಿಡಿಯೋ ಕೇಳಿ, ಬಾನೆಟ್ ಕೂಡ ಎತ್ತದೆ ಹೇಳಿಬಿಟ್ಟರು: ಬೇರಿಂಗ್ ಹೋಗಿದೆ, ಎಂಜಿನ್ನೇ ಬದಲಾಯಿಸಬೇಕು. ಎಸ್ಟಿಮೇಟ್ 4,80,000 ರೂಪಾಯಿ. ಒಂದು ಹಾಳೆಯಲ್ಲಿ ಒಂದೇ ಸಾಲು ಬರೆದು ಕೊಟ್ಟರು. ಯಾವ ಬೇರಿಂಗು, ಯಾವ ಟೆಸ್ಟ್ ಮಾಡಿ ಗೊತ್ತಾಯಿತು ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ವಾಪಸ್ ಬರುವಾಗ ದಾಬಸ್‌ಪೇಟೆ ಹತ್ತಿರ ಟೀ ಕುಡಿಯೋಕೆ ನಿಲ್ಲಿಸಿದೆ. ಟೀ ತಣ್ಣಗಾದರೂ ಕುಡಿಯೋಕೆ ಆಗಲಿಲ್ಲ. ಕಾರು ತಗೊಂಡಾಗ ಇಷ್ಟು ಭಯ ಇರಲಿಲ್ಲ, ಅದನ್ನು ಕಳೆದುಕೊಳ್ಳುತ್ತೇನೆ ಅನ್ನಿಸಿದಾಗ ಹೊಟ್ಟೆ ತೊಳಸಿದ ಹಾಗಾಯಿತು.

ಆ ರಾತ್ರಿ ತಾತನ ಮನೆ ಜಗಲಿ ಮೇಲೆ ಕೂತು ಎಸ್ಟಿಮೇಟ್ ತೋರಿಸಿದೆ. ಅವರು ಹೇಳಿದ್ದನ್ನೂ ಆಮೇಲೆ ನಾನೇ ಕಲಿತಿದ್ದನ್ನೂ ಸೇರಿಸಿ ಹೇಳುತ್ತೇನೆ, ಯಾಕಂದ್ರೆ ನನ್ನ ದುಡ್ಡು ಉಳಿಸಿದ್ದು ಈ ತಿಳಿವಳಿಕೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ದರೆ ಸದ್ದು ದಪ್ಪಗೆ ಢಬ್ ಢಬ್ ಅಂತ ಕೆಳಗಿಂದ ಬರುತ್ತೆ. ಎಂಜಿನ್ ಕಾದ ಮೇಲೂ ಇರುತ್ತೆ, ಆಕ್ಸಿಲರೇಟರ್ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ಆಗುತ್ತೆ. ವಾಲ್ವ್ ಒತ್ತುವ ಟ್ಯಾಪೆಟ್ ಸದ್ದು ಸಣ್ಣಗೆ ಟಿಕ್ ಟಿಕ್ ಅನ್ನುತ್ತೆ, ಮೇಲಿನಿಂದ, ಕೆಲವೊಮ್ಮೆ ಒಂದೆರಡು ನಿಮಿಷ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಲೀಕ್ ಆಗುತ್ತಿದ್ದರೂ ಟಿಕ್ ಅಂತಲೇ ಕೇಳಿಸುತ್ತೆ, ಆದರೆ ಲೋಹ ಕಾದು ಹಿಗ್ಗೋ ತನಕ ಇದ್ದು ಆಮೇಲೆ ಕಮ್ಮಿಯಾಗುತ್ತೆ. ಎಂಜಿನ್ ಹತ್ತಿಕೊಳ್ಳುವ ಮುಂಚೆಯೇ ಗರ್ ಅಂದರೆ ಸ್ಟಾರ್ಟರ್ ಮೋಟರ್ ನೋಡಿಸಿ. ಕೀಂ ಅಂತ ಕಿರುಚಿದರೆ ಬೆಲ್ಟು. ಗೇರ್ ನ್ಯೂಟ್ರಲ್‌ನಲ್ಲಿದ್ದು ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ಎಂಜಿನ್ ಬಿಟ್ಟು ಕ್ಲಚ್, ಗೇರ್‌ಬಾಕ್ಸ್ ಕಡೆ ನೋಡಬೇಕು. ನನ್ನದು ಇದ್ಯಾವುದೂ ಅಲ್ಲ. ರಾತ್ರಿಯಿಡೀ ನಿಂತಿದ್ದ ಮೇಲೆ, ಮೊದಲ ಸ್ಟಾರ್ಟಿಗೆ ಮಾತ್ರ, ಮುಂಭಾಗದ ಮೇಲ್ಗಡೆಯಿಂದ, ಮೂರು ಸೆಕೆಂಡ್. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ನೀವೂ ಬರೆದಿಟ್ಟುಕೊಳ್ಳಿ. ವರ್ಕ್‌ಶಾಪಿನಲ್ಲಿ "ಏನೋ ಸೌಂಡ್ ಬರುತ್ತೆ" ಅಂದರೆ ಯಾರಿಗೂ ಏನೂ ಗೊತ್ತಾಗೋದಿಲ್ಲ.

ಶಿರಾ ರಸ್ತೆ ಕಡೆ ಒಬ್ಬ ಮೆಕ್ಯಾನಿಕ್ ಇದ್ದಾರೆ. ಬೆಂಗಳೂರಿನಲ್ಲಿ ಜರ್ಮನ್ ಕಾರುಗಳ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಎಲ್ಲರೂ ಭಾಯ್ ಅಂತಲೇ ಕರೆಯೋದು. ನನ್ನ ಚೀಟಿ ಓದಿ, ವಿಡಿಯೋ ಎರಡು ಸಲ ಕೇಳಿ, ಅವರು ಹೇಳಿದ್ದು ಇಷ್ಟೇ: "ಗಾಡಿ ರಾತ್ರಿ ಇಲ್ಲೇ ಬಿಡಿ ಸಾರ್. ಕೀ ನನ್ನ ಹತ್ರ ಇರ್ಲಿ. ಬೆಳಗ್ಗೆ ನಾನು ಬರೋ ತನಕ ಯಾರೂ ಸ್ಟಾರ್ಟ್ ಮಾಡಬಾರ್ದು."

ಎರಡು ಸಲ ಬೆಂಗಳೂರಿಗೆ ಹೋಗಿ ಬಂದರೂ ಆಗದಿದ್ದ ಕೆಲಸ ಈ ಒಂದು ಮಾತಿನಿಂದ ಆಯಿತು. ತಣ್ಣಗಿದ್ದಾಗ ಮಾತ್ರ ಬರುವ ಸದ್ದನ್ನು ಬಿಸಿ ಎಂಜಿನ್‌ನಲ್ಲಿ ಹುಡುಕಿದರೆ ಸಿಗೋದು ಹೇಗೆ, ಅಲ್ವಾ? ಕಾರು ಮೆಕ್ಯಾನಿಕ್ ಹತ್ತಿರವೇ ರಾತ್ರಿ ಕಳೆಯಬೇಕು, ಬೆಳಗಿನ ಮೊದಲ ಸ್ಟಾರ್ಟ್ ಅವರ ಕಿವಿಗೇ ಬೀಳಬೇಕು. ನೀವೂ ಅಲ್ಲಿದ್ದರೆ ಇನ್ನೂ ಒಳ್ಳೇದು.

ಮಾರನೇ ಬೆಳಗ್ಗೆ ಆರೂವರೆಗೆ ಸ್ಕೂಟರಿನಲ್ಲಿ ಹೋದೆ. ರಸ್ತೆ ಮೇಲೆ ಮಂಜು. ಹುಡುಗನೊಬ್ಬ ಕೀ ತಿರುಗಿಸಿದ. ಭಾಯ್ ಒಂದು ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿನ ಮುಂದಿನ ಕವರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿತ್ತು. ಸದ್ದು ಬಂತು, ಹೋಯಿತು. ಕಣ್ಣು ಬಿಟ್ಟು "ಚೈನ್ ಕಡೆ" ಅಂದರು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಂಜಿನ್ ಕೆಳಗೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನಿಂದ, ಮೇಲೆ ವಾಲ್ವ್ ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸೋದು ಟೈಮಿಂಗ್ ಚೈನ್. ಅದು ಸಡಿಲ ಆಗದಂತೆ ಒತ್ತಿ ಹಿಡಿಯೋದು ಟೆನ್ಷನರ್. ಟೆನ್ಷನರ್ ಬಲ ಆಯಿಲ್ ಪ್ರೆಶರಿನಿಂದ ಬರುತ್ತೆ. ರಾತ್ರಿ ಆಯಿಲ್ ಕೆಳಗೆ ಇಳಿದುಹೋದರೆ ಬೆಳಗ್ಗೆ ಪಂಪ್ ಮತ್ತೆ ಅದನ್ನು ಮೇಲಕ್ಕೆ ತಲುಪಿಸೋ ತನಕ ಚೈನ್ ಸಡಿಲವಾಗಿ, ಅದು ಜಾರುವ ಪಟ್ಟಿ ಅಂದರೆ ಗೈಡಿಗೆ ಬಡಿಯುತ್ತೆ. ಕ್ಯಾಮ್‌ಶಾಫ್ಟಿನ ತುದಿಯಲ್ಲಿದ್ದು ವಾಲ್ವ್ ತೆರೆಯುವ ಸಮಯ ಹೊಂದಿಸುವ ಅಡ್ಜಸ್ಟರ್‌ಗಳೂ ಅಷ್ಟೇ. ಆಯಿಲ್ ಬರೋ ತನಕ ಅವನ್ನು ಒಂದು ಸಣ್ಣ ಪಿನ್ ಹಿಡಿದಿಟ್ಟಿರುತ್ತೆ. ಆ ಪಿನ್ ಕೂರುವ ಜಾಗ ಸವೆದರೆ ಅದೂ ಗಡಗಡ ಅನ್ನುತ್ತೆ.

ಭಾಯ್ ಅಲ್ಲಿಗೇ ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಕಮ್ಮಿ ಖರ್ಚಿನದು ಮೊದಲು ಅಂದರು. ಹಳೇ ಬಿಲ್ ತರಿಸಿ ನೋಡಿದರು. ಹಿಂದಿನ ಸರ್ವಿಸ್‌ನಲ್ಲಿ ಯಾರೋ 20ಡಬ್ಲ್ಯೂ-50 ಆಯಿಲ್ ಹಾಕಿದ್ದರು. ಮ್ಯಾನ್ಯುಯಲ್‌ನಲ್ಲಿ ಬರೆದಿರೋದು 5ಡಬ್ಲ್ಯೂ-30 ಅಥವಾ 5ಡಬ್ಲ್ಯೂ-40. ಡಬ್ಲ್ಯೂಗೆ ಮುಂಚೆ ಬರುವ ಅಂಕಿ ಕಮ್ಮಿ ಇದ್ದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತೆ. ಫಿಲ್ಟರ್ ಕೂಡ ಯಾವುದೋ ಅಗ್ಗದ್ದು. ಆಯಿಲ್ ವಾಪಸ್ ಇಳಿದುಹೋಗದಂತೆ ತಡೆಯುವ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ರಾತ್ರಿ ಫಿಲ್ಟರ್ ಖಾಲಿ ಆಗುತ್ತೆ. ಎರಡನ್ನೂ ಬದಲಾಯಿಸಿದರು, 7,800 ರೂಪಾಯಿ. ಮಾರನೇ ಬೆಳಗ್ಗೆ ಮೂರು ಸೆಕೆಂಡ್ ಸದ್ದು ಒಂದೂವರೆಗೆ ಇಳಿಯಿತು. ನನಗೆ ಕುಣಿಯುವಷ್ಟು ಸಂತೋಷ. ಭಾಯ್ ತಲೆ ಅಲ್ಲಾಡಿಸಿದರು. "ಕಮ್ಮಿ ಆಗಿದೆ ಸಾರ್, ಹೋಗಿಲ್ಲ." ಕೆಲವರಿಗೆ ಇಲ್ಲಿಗೇ ಮುಗಿದುಹೋಗುತ್ತೆ. ಅದಕ್ಕೇ ದೊಡ್ಡ ಎಸ್ಟಿಮೇಟ್ ಒಪ್ಪಿಕೊಳ್ಳುವ ಮುಂಚೆ ಸರಿಯಾದ ಆಯಿಲ್, ಒಳ್ಳೇ ಫಿಲ್ಟರ್ ಹಾಕಿಸಿ ನೋಡಿ.

ಆಮೇಲೆ ಆಯಿಲ್ ಪ್ರೆಶರ್ ಟೆಸ್ಟ್. ಆಯಿಲ್ ಹರಿಯುವ ದಾರಿಯ ಪ್ಲಗ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ, ಎಂಜಿನ್ ಚೆನ್ನಾಗಿ ಕಾಯಿಸಿ ನೋಡಿದರು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇದ್ದಾಗ, 1.5 ಬಾರ್, 3,000 ಆರ್‌ಪಿಎಂನಲ್ಲಿ 3.8 ಬಾರ್. ಪಂಪ್ ಸರಿ ಇದೆ, ಬೇರಿಂಗ್ ಸವೆದು ಪ್ರೆಶರ್ ಕುಸಿದಿಲ್ಲ ಅಂದರು. 4,80,000 ರೂಪಾಯಿಯ ಆ ಒಂದು ಸಾಲಿನ ಎಸ್ಟಿಮೇಟ್ ನನ್ನ ಜೇಬಿನಲ್ಲೇ ಇತ್ತು. ಇಪ್ಪತ್ತು ನಿಮಿಷದ ಈ ಟೆಸ್ಟನ್ನು ಅಲ್ಲಿ ಯಾರೂ ಮಾಡಿರಲಿಲ್ಲ.

ಸ್ಕ್ಯಾನರ್ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬರದಿದ್ದರೂ ಒಂದು ಹಳೇ ಕೋಡ್ ಸಿಕ್ಕಿತು: ಪಿ0016. ಕ್ರ್ಯಾಂಕಿಗೂ ಕ್ಯಾಮಿಗೂ ಲೆಕ್ಕ ಹೊಂದುತ್ತಿಲ್ಲ ಅಂತ ಅರ್ಥ. ಆಗ ಹೆಡ್ ಕವರ್ ಬಿಚ್ಚಿದರು. ಪುಲ್ಲಿಯ ಗುರುತನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ ಟಾರ್ಚ್ ಹಿಡಿದರು. ಮೇಲೆ ಎರಡೂ ಅಡ್ಜಸ್ಟರ್‌ಗಳ ಗಿಯರಿನ ಗುರುತೂ ಗೆರೆಗೆ ಕೂರಬೇಕು. ಎಕ್ಸಾಸ್ಟ್ ಕಡೆಯದು ಸುಮಾರು ಅರ್ಧ ಹಲ್ಲಿನಷ್ಟು ಆಚೆ ಇತ್ತು. ಹಲ್ಲುಗಳು ಒಂದು ಬದಿ ಸವೆದು ಗರಗಸದ ಹಾಗೆ ಚೂಪಾಗಿದ್ದವು. ಬೆರಳು ಸವರಿ ನೋಡಿದೆ, ಉಗುರಿಗೆ ಸಿಕ್ಕಿಕೊಳ್ಳುತ್ತಿತ್ತು. ಚೈನ್ ಹಿಗ್ಗಿದೆ, ಟೆನ್ಷನರ್ ಪಿಸ್ಟನ್ ಹೆಚ್ಚುಕಮ್ಮಿ ಪೂರ್ತಿ ಹೊರಗೆ ಬಂದಿದೆ. ಇನ್ನು ಅದು ಒತ್ತೋದಕ್ಕೆ ಜಾಗವೇ ಉಳಿದಿಲ್ಲ. ಚೈನ್ ಹಲ್ಲು ಹಾರಿದರೆ ವಾಲ್ವ್ ಹೋಗಿ ಎಂಜಿನ್ ಪಿಸ್ಟನ್‌ಗೆ ಹೊಡೆಯುತ್ತೆ. ಆಗ ನಿಜವಾಗಿಯೂ ಎಂಜಿನ್ ಹೋದ ಹಾಗೆ. ಭಾಯ್ ಕವರ್ ವಾಪಸ್ ಇಟ್ಟು ಕೀ ತೆಗೆದು ಡ್ರಾಯರಿಗೆ ಹಾಕಿದರು. ಇಷ್ಟು ದಿನ "ಸುಮ್ನೆ ಮೂರು ಸೆಕೆಂಡ್ ತಾನೇ" ಅಂದುಕೊಂಡು ಅದೇ ಕಾರನ್ನು ಹೆದ್ದಾರಿಯಲ್ಲಿ ಓಡಿಸಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ಇನ್ಶೂರೆನ್ಸ್ ಕೇಳಿದೆ. ಸಿಗೋದಿಲ್ಲ. ಸವಕಳಿ, ಮೆಕ್ಯಾನಿಕಲ್ ತೊಂದರೆ ಸಾಮಾನ್ಯ ಪಾಲಿಸಿಯಲ್ಲಿ ಸೇರಲ್ಲ. ಅದರ ಹಿಂದೆ ಓಡಾಡಿ ದಿನ ಕಳೆಯಬೇಡಿ. ಆದರೆ ರಸ್ತೆ ಬದಿ ಸಹಾಯದ ಆಡ್-ಆನ್ ಇದ್ದರೆ ಟೋಯಿಂಗ್ ಸಿಗುತ್ತೆ, ನಿಮ್ಮ ಪಾಲಿಸಿಯಲ್ಲಿ ಎಷ್ಟು ಕಿಲೋಮೀಟರ್ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಪಾರ್ಟ್ಸ್ ತರಿಸೋದೇ ಇಡೀ ಕಥೆಯಲ್ಲಿ ಉದ್ದದ ಭಾಗ. ಆರ್‌ಸಿ ಕಾಪಿ ಬೇಕು, ಅದರಲ್ಲಿರುವ 17 ಅಕ್ಷರದ ಚಾಸಿಸ್ ನಂಬರ್ ಮುಖ್ಯ. ಒಂದೇ ಮಾಡೆಲ್, ಒಂದೇ ವರ್ಷ ಆದರೂ ಪಾರ್ಟ್ ಬೇರೆ ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ಒಬ್ಬರು ಹೊರಗಿಂದ ತರಿಸಿಕೊಡುತ್ತೇನೆ ಅಂದರು. ಅರ್ಧ ಅಡ್ವಾನ್ಸ್, 12 ದಿನ ಅಂದರು. 12 ಹೋಗಿ 20 ಆಯಿತು, 20 ಹೋಗಿ 26 ಆಯಿತು. ಬಾಕ್ಸ್ ಬಂತು ಅಂತ ಫೋನ್ ಬಂದಾಗ ಅಂಗಡಿ ಹುಡುಗನ ಕೈಗೆ ಕೀ ಕೊಟ್ಟು ಓಡಿದೆ. ಬಿಚ್ಚಿ ನೋಡಿದರೆ ಎರಡೂ ಇನ್‌ಟೇಕ್ ಕಡೆಯ, ಅಂದರೆ ಗಾಳಿ ಒಳಬರುವ ಕಡೆಯ ಅಡ್ಜಸ್ಟರ್! ಎಕ್ಸಾಸ್ಟ್ ಕಡೆಯದು ಇಲ್ಲವೇ ಇಲ್ಲ. ಕಳಿಸಿ ಬದಲಾಯಿಸಿಕೊಳ್ಳೋಕೆ ಇನ್ನೂ ಎಂಟು ದಿನ, ಕೊರಿಯರ್ 650 ರೂಪಾಯಿ. ಮಧ್ಯೆ ಸಂಕ್ರಾಂತಿ ಬಂತು, ಗ್ಯಾರೇಜ್ ಹುಡುಗರು ಊರಿಗೆ ಹೋದರು. ನೀವು ಆರ್ಡರ್ ಕೊಡುವಾಗ ಹಳೇ ಪಾರ್ಟಿನ ಮೇಲಿರುವ ನಂಬರಿನ ಫೋಟೋ ತೆಗೆದು ಕಳಿಸಿ, ರವಾನೆ ಆಗುವ ಮುಂಚೆ ಬಾಕ್ಸ್ ಮೇಲಿನ ನಂಬರಿನ ಫೋಟೋ ತರಿಸಿಕೊಳ್ಳಿ. ಕೊನೇ ಅಂಕಿ ತನಕ ಹೊಂದಿಸಿ ನೋಡಿ.

ಆ ದಿನಗಳಲ್ಲಿ ನನಗೆ ಬೆಳಗ್ಗೆ ಆರಕ್ಕೇ ಎಚ್ಚರ ಆಗುತ್ತಿತ್ತು. ಕಿಟಕಿಯಿಂದ ನೋಡಿದರೆ ಕಾರು ನಿಲ್ಲುವ ಜಾಗ ಖಾಲಿ. ಒಂದು ದಿನ "ಮಾರಿಬಿಡೋಣ್ವಾ?" ಅಂತ ಹೆಂಡತಿಯನ್ನು ಕೇಳಿದೆ. ಒಪ್ಪುತ್ತಾಳೆ ಅಂದುಕೊಂಡಿದ್ದೆ. ಅವಳು ಕಾಫಿ ಲೋಟ ಕೈಗೆ ಕೊಟ್ಟು, "ದುಡ್ಡು ಹೋದ್ರೆ ಹೋಗ್ಲಿ ರೀ. ನೀವು ದಿನಾ ಹೀಗೆ ಕಿಟಕಿ ಹತ್ರ ನಿಂತ್ಕೊಳ್ಳೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಸರಿ ಮಾಡ್ಸಿ" ಅಂದಳು. ಅದಾದ ಮೇಲೆ ಮಾರುವ ಮಾತು ಎತ್ತಲಿಲ್ಲ.

ಕೆಲಸ ಶುರುವಾದ ದಿನ ಅಂಗಡಿಗೆ ರಜೆ ಹಾಕಿ ಪೂರ್ತಿ ಅಲ್ಲೇ ಇದ್ದೆ. ಎಂಜಿನ್ ಕೆಳಗಿಳಿಸಲಿಲ್ಲ. ಹಳೇ ಚೈನಿನ ಬಾಲ ಹಿಡಿಸಿಯೇ ಹೊಸದನ್ನು ಒಳಗೆ ಎಳೆದುಕೊಳ್ಳೋದು ಪದ್ಧತಿ. ಮೊದಲು ಸುತ್ತಲಿನ ಎಲ್ಲ ಸಂದಿಗೂ ಶುದ್ಧವಾದ ಬಟ್ಟೆ ತುರುಕಿದರು, ಲೋಹದ ಪುಡಿ ಒಳಗೆ ಬೀಳಬಾರದು ಅಂತ. ಹಳೇ ಚೈನಿನ ಒಂದು ಕೊಂಡಿಯ ಪಿನ್ನಿನ ತಲೆ ಉಜ್ಜಿ ತೆಗೆದರು. ಹೊಸ ಚೈನಿನ ತುದಿಯನ್ನು ಅದಕ್ಕೆ ಸೇರಿಸಿದರು. ಆಮೇಲೆ ಒಬ್ಬ ಹುಡುಗ ಕೆಳಗೆ ಕ್ರ್ಯಾಂಕನ್ನು ಪಾನಾ ಹಾಕಿ ಒಂದೊಂದೇ ಹಲ್ಲು ತಿರುಗಿಸುತ್ತಾನೆ, ಇನ್ನೊಬ್ಬ ಹಳೇ ಚೈನನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಭಾಯ್ ಹೊಸ ಚೈನ್ ಗಿಯರ್ ಮೇಲಿಂದ ಎದ್ದು ಬರದಂತೆ ಎರಡು ಕೈಯಲ್ಲೂ ಅದುಮಿ ಹಿಡಿದಿದ್ದಾರೆ. ಯಾರೂ ಮಾತಾಡುತ್ತಿಲ್ಲ. "ಹ್ಞಾ... ಹ್ಞಾ... ನಿಲ್ಸು" ಇಷ್ಟೇ. ಒಂದು ಸಲ ತಪ್ಪಿ ಚೈನ್ ಒಳಗೆ ಜಾರಿದರೆ ಮುಂದಿನ ಕವರೆಲ್ಲ ಬಿಚ್ಚಬೇಕು. ಮುಕ್ಕಾಲು ಗಂಟೆ ಆಯಿತು. ಹೊಸ ಕೊಂಡಿ ಕೂರಿಸಿ ಅದರದೇ ಟೂಲ್‌ನಲ್ಲಿ ರಿವೆಟ್ ಒತ್ತಿದರು. ಹೊಸ ಅಡ್ಜಸ್ಟರ್, ಹೊಸ ಟೆನ್ಷನರ್, ಟಾರ್ಕ್ ರಿಂಚ್‌ನಲ್ಲಿ ಬೋಲ್ಟ್. ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ನೋಡಿದರು, ಎರಡೂ ಗೆರೆಗೆ ಕೂತಿದ್ದವು. ಈ ಕೈ ಸುತ್ತು ಹಾಕದೆ ಸ್ಟಾರ್ಟ್ ಮಾಡಲು ಬಿಡಲೇಬೇಡಿ.

ಇಷ್ಟರಲ್ಲಿ ಇನ್ನೊಂದು ತೊಂದರೆ ಕಂಡಿತು. ಅಡ್ಜಸ್ಟರ್ ಮುಂದೆ ಕೂರುವ ಮ್ಯಾಗ್ನೆಟ್‌ಗಳಿಂದ ಆಯಿಲ್ ಸೋರಿ ವೈರಿನ ಒಳಗೇ ಏರಿಕೊಂಡು ಹೋಗಿತ್ತು. ಬತ್ತಿ ಎಣ್ಣೆ ಹೀರುತ್ತಲ್ಲ, ಹಾಗೆ. ಕನೆಕ್ಟರ್ ತೆಗೆದಾಗ ಒಳಗೆ ಜಿಡ್ಡು. ಇದು ಎಂಜಿನ್ನಿನ ಕಂಪ್ಯೂಟರ್ ತನಕ ಹೋದರೆ ಖರ್ಚು ಬಹಳ. ಪುಣ್ಯಕ್ಕೆ ಅಲ್ಲಿ ತನಕ ಹೋಗಿರಲಿಲ್ಲ. ಹೊಸ ಮ್ಯಾಗ್ನೆಟ್‌ಗಳು ನಮ್ಮ ಆರ್ಡರಿನಲ್ಲೇ ಇದ್ದವು, ವೈರಿಗೆ ಮಾತ್ರ ಬೇರೆಯಾಗಿ 4,200 ರೂಪಾಯಿ ಆಯಿತು.

ಮೊದಲ ಸ್ಟಾರ್ಟಿಗೆ ಮುಂಚೆ ಭಾಯ್ ಹೇಳಿದರು: "ಈಗ ಒಂಚೂರು ಸೌಂಡ್ ಬರುತ್ತೆ, ಗಾಬರಿ ಆಗ್ಬೇಡಿ. ಟೆನ್ಷನರ್ ಒಳಗೆ ಆಯಿಲ್ ತುಂಬಬೇಕು." ಹೇಳಿದ ಹಾಗೇ ಒಂದು ಗಳಿಗೆ ಸದ್ದು ಬಂತು, ನಿಂತಿತು. ನನ್ನ ಎದೆ ಹೊಡೆದುಕೊಳ್ಳೋದು ಮಾತ್ರ ನಿಲ್ಲಲಿಲ್ಲ. ಕಾರು ಅವತ್ತೇ ಮನೆಗೆ ತರಲಿಲ್ಲ. ಮತ್ತೆ ಎರಡು ರಾತ್ರಿ ಅಲ್ಲೇ ಬಿಟ್ಟೆ, ಎರಡು ಬೆಳಗ್ಗೆಯೂ ಆರೂವರೆಗೆ ಹೋಗಿ ಕಿವಿಕೊಟ್ಟು ನಿಂತೆ. ಎರಡು ಸಲವೂ ಸ್ಟಾರ್ಟರ್ ತಿರುಗಿದ ಸದ್ದು, ಅದರ ಹಿಂದೆಯೇ ಎಂಜಿನ್. ನಡುವೆ ಏನೂ ಇಲ್ಲ.

ಖರ್ಚು ಹೀಗಾಯಿತು. ಮೊದಲ ತಪಾಸಣೆ 2,000. ಆಯಿಲ್, ಫಿಲ್ಟರ್ ಮೊದಲ ಸಲ 7,800, ಕೆಲಸ ಮುಗಿದ ಮೇಲೆ ಇನ್ನೊಮ್ಮೆ 7,800. ಚೈನ್, ಟೆನ್ಷನರ್, ಎರಡು ಅಡ್ಜಸ್ಟರ್, ಮ್ಯಾಗ್ನೆಟ್, ಗ್ಯಾಸ್ಕೆಟ್ ಎಲ್ಲ ಸೇರಿ 96,400. ಲೇಬರ್ 24,000, ಅದರ ಮೇಲೆ 18% ಜಿಎಸ್‌ಟಿ ಸೇರಿ 28,320. ವೈರು 4,200, ಕೊರಿಯರ್ 650. ಒಟ್ಟು 1,47,170 ರೂಪಾಯಿ. ಬೆಂಗಳೂರಿನ ಓಡಾಟದ ಪೆಟ್ರೋಲ್, ಟೋಲ್ ಬೇರೆ. ನಮ್ಮಂಥವರಿಗೆ ಇದು ಸಣ್ಣ ದುಡ್ಡಲ್ಲ. ಆದರೆ ಪ್ರತಿ ಸಾಲಿನ ಹಿಂದೆ ಏನಿದೆ ಅಂತ ನನಗೆ ಗೊತ್ತು. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಂಡೆ. ಹಳೇ ಪಾರ್ಟ್‌ಗಳನ್ನೂ ಕೇಳಿ ತಗೊಂಡೆ, ನೀವೂ ಕೇಳಿ ತಗೊಳ್ಳಿ. ನಾಳೆ ಕಾರು ಮಾರುವಾಗ ಇವೆರಡೂ ಬೇಕಾಗುತ್ತೆ.

ಜನವರಿ 29ರ ಸಂಜೆ ಕಾರು ಮನೆಗೆ ಬಂತು. 1,000 ಕಿಲೋಮೀಟರ್ ಆದ ಮೇಲೆ ಭಾಯ್ ಫಿಲ್ಟರ್ ಬಿಚ್ಚಿ, ಅದರ ಮಡಿಕೆಗಳನ್ನು ಬಿಡಿಸಿ, ಬಿಳಿ ಬಟ್ಟೆ ಮೇಲೆ ಒತ್ತಿ ಬಿಸಿಲಿಗೆ ಹಿಡಿದು ನೋಡಿದರು. ಲೋಹದ ಒಂದು ಚೂರೂ ಹೊಳೆಯಲಿಲ್ಲ. ಇನ್ನು ಆಯಿಲ್ ಬದಲಾವಣೆ 7,500 ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ಸವೆದ ಆ ಎಕ್ಸಾಸ್ಟ್ ಗಿಯರ್ ಈಗ ತಾತನ ಮನೆ ಜಗಲಿ ಮೇಲಿದೆ. ಯಾರು ಬಂದರೂ ಎತ್ತಿ ಕೈಗೆ ಕೊಟ್ಟು, "ಹಲ್ಲು ಸವರಿ ನೋಡು" ಅನ್ನುತ್ತಾರೆ.